ಇಬ್ರಿಯ ಮಜ್ಲಿಸ್‌ನಲ್ಲಿ ಕೆಳಗಿಟ್ಟ ಬಟ್ಟಲು

ಇಬ್ರಿ ಪೇಟೆಯಲ್ಲಿ ನಾನಿದ್ದ ಬೀದಿಗೆ ಹೆಸರಿರಲಿಲ್ಲ. ರೌಂಡಬೌಟಿನ ಹಿಂದಿನ ಬೀದಿ ಎಂದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಅಲ್ಲಿ ಮೂವತ್ತೊಂದು ಅಂಗಡಿಗಳಿದ್ದವು. ಅಷ್ಟನ್ನೂ ನಾನು ಟೇಪು ಹಿಡಿದು ಅಳೆದಿದ್ದೇನೆ. ಹೊಸ ಅಂಗಡಿ ತೆರೆಯಬೇಕಾದರೆ, ಒಳಗೊಂದು ಗೋಡೆ ಎಬ್ಬಿಸಬೇಕಾದರೆ ನಗರಸಭೆಗೆ ನಕ್ಷೆ ಕೊಡಬೇಕು, ನಕ್ಷೆಯ ಮೂಲೆಯಲ್ಲಿ ನೋಂದಾಯಿತ ಇಂಜಿನಿಯರನ ಸಹಿ ಇರಬೇಕು. ಬೀದಿಯ ನಡುವಿನ ಕಟ್ಟಡದ ಮೊದಲ ಮಹಡಿಯಲ್ಲಿದ್ದ ಕನ್ಸಲ್ಟೆನ್ಸಿಯಲ್ಲಿ ಆ ಸಹಿ ಹಾಕುತ್ತಿದ್ದವನು ನಾನು. ಹಾಗಾಗಿ ಆ ಬೀದಿಯ ಚರಿತ್ರೆ ಬರೆಯುವ ಹಕ್ಕು ಯಾರಿಗಾದರೂ ಇದ್ದರೆ ಅದು ನನಗೇ ಎಂಬ ಜಂಬ ನನ್ನಲ್ಲಿ ಈಗಲೂ ಉಂಟು. ತಮ್ಮ ಅಂಗಡಿ ಎಷ್ಟು ಅಗಲ ಎಂದು ಅಂಗಡಿಯವರಿಗೇ ತಿಳಿದಿರಲಿಲ್ಲ, ನನಗೆ ತಿಳಿದಿತ್ತು.

ಬೀದಿಯ ಒಂದು ತುದಿಯಲ್ಲಿ ಬಾಂಗ್ಲಾದೇಶದ ದರ್ಜಿ. ಒಮಾನಿ ಗಂಡಸರು ತೊಡುವ ಉದ್ದನೆಯ ದಿಶ್‌ದಾಶಾ ಹೊಲಿಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಗಿರಾಕಿ ಬಾಗಿಲು ದಾಟಿ ಒಳಗೆ ಬರುವಷ್ಟರಲ್ಲಿ ಕಣ್ಣಲ್ಲೇ ಅಳತೆ ತೆಗೆದಿರುತ್ತಿದ್ದ. ಆಮೇಲೆ ಟೇಪು ಹಿಡಿಯುವುದೆಲ್ಲ ಗಿರಾಕಿಯ ಸಮಾಧಾನಕ್ಕೆ. ಅವನ ಪಕ್ಕದಲ್ಲಿ ಹೈದರಾಬಾದಿನ ಹಲ್ಲಿನ ಡಾಕ್ಟರಮ್ಮ. ಅವರಲ್ಲಿಗೆ ಒಬ್ಬರ ಹಲ್ಲು ಕೀಳಿಸಲು ಮನೆಯ ಎಂಟು ಮಂದಿ ಬರುತ್ತಿದ್ದರು, ಅದಕ್ಕಾಗಿ ನಾನು ಕಾಯುವ ಕೋಣೆಯನ್ನು ಚಿಕಿತ್ಸೆಯ ಕೋಣೆಗಿಂತ ದೊಡ್ಡದಾಗಿ ಬರೆದುಕೊಟ್ಟಿದ್ದೆ. ಎದುರಿಗೆ ಫೋಟೋ ಸ್ಟುಡಿಯೋ. ಸ್ಟುಡಿಯೋದವನ ಹತ್ತಿರ ಒಂದೇ ಒಂದು ಕರಿಕೋಟು ಇತ್ತು. ದಪ್ಪಗಿರುವವರಿಗೆ ಅದನ್ನು ಬರೀ ಎದುರಿನಿಂದ ಹೊದೆಸಿ, ಸಣಕಲರಿಗೆ ಹಿಂದಿನಿಂದ ಕ್ಲಿಪ್ಪು ಹಾಕಿ, ವೀಸಾ ಫೋಟೋ ತೆಗೆಯುತ್ತಿದ್ದ. ಇಬ್ರಿಯ ಭಾರತೀಯರಲ್ಲಿ ಬಹುಪಾಲು ಮಂದಿ ಸರಕಾರದ ದಾಖಲೆಯಲ್ಲಿ ಒಂದೇ ಕೋಟಿನಲ್ಲಿದ್ದಾರೆ. ನನಗೆ ಹಾಕಿದ್ದು ಕ್ಲಿಪ್ಪು.

ನಮ್ಮ ಮೆಟ್ಟಿಲ ಕೆಳಗೆ ಟೈಪಿಂಗ್ ಸೆಂಟರ್. ಅದನ್ನು ನಡೆಸುತ್ತಿದ್ದವರು ಬಂಟ್ವಾಳ ಕಡೆಯ ಬ್ಯಾರಿ. ಬೀದಿಗೆ ಬೀದಿಯೇ ಅವರನ್ನು ಕಾಕ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಮೂವತ್ತು ವರ್ಷದಿಂದ ಅಲ್ಲಿದ್ದವರು. ವೀಸಾ, ಲೈಸೆನ್ಸು, ಮದುವೆ, ದೂರು, ಎಲ್ಲದರ ಅರ್ಜಿಯೂ ಅರಬ್ಬಿಯಲ್ಲಿ ಅವರ ಕೀಬೋರ್ಡಿನಿಂದಲೇ ಹೊರಡಬೇಕು. ಹಾಗಾಗಿ ಊರಿನಲ್ಲಿ ಯಾರು ಬರುತ್ತಾರೆ, ಯಾರು ಹೋಗುತ್ತಾರೆ, ಯಾರಿಗೆ ಯಾರ ಮೇಲೆ ಸಿಟ್ಟು ಎಂಬುದೆಲ್ಲ ಅವರಿಗೆ ಮೊದಲು ಗೊತ್ತು. ಬಾಯಿ ಮಾತ್ರ ಬಿಗಿ. ನನ್ನ ಜೊತೆ ಕನ್ನಡ ಮಾತಾಡಲು ಸಿಕ್ಕಿತು ಎಂಬ ಖುಷಿಗೆ ಸಂಜೆ ಹೊತ್ತು ಮೆಟ್ಟಿಲ ಬುಡದಲ್ಲೊಂದು ಕುರ್ಚಿ ನನಗಾಗಿ ಹಾಕಿಡುತ್ತಿದ್ದರು.

ತೈಲದ ಬೆಲೆ ಬಿದ್ದಾಗ ಅದು ನಮಗೆ ಮೊದಲು ತಿಳಿದದ್ದು ಟಿ.ವಿ.ಯಿಂದಲ್ಲ. ಅಲ್ಲಿಯವರೆಗೆ ಜನ ನನ್ನ ಬಳಿ ಮನೆಗೆ ಎರಡನೇ ಮಜ್ಲಿಸ್ ಬರೆಸಲು, ಎಂದರೆ ನೆಂಟರನ್ನು ಕೂರಿಸುವ ದೊಡ್ಡ ಚಾವಡಿಯೊಂದನ್ನು ಹೆಚ್ಚಿಗೆ ಸೇರಿಸಲು ಬರುತ್ತಿದ್ದರು. ಕಾಂಪೌಂಡು ಎತ್ತರಿಸಬೇಕು, ಮಗನಿಗೆ ಮಹಡಿ ಕಟ್ಟಬೇಕು ಎನ್ನುತ್ತಿದ್ದರು. ಅದೆಲ್ಲ ನಿಂತೇ ಹೋಯಿತು. ಬರೆದುಕೊಟ್ಟ ನಕ್ಷೆಗಳನ್ನು ತೆಗೆದುಕೊಂಡು ಹೋಗಲೂ ಜನ ಬರಲಿಲ್ಲ. ಅದರ ಬದಲು ಬೇರೊಂದು ಬಗೆಯ ಕೆಲಸ ಶುರುವಾಯಿತು: ಒಂದು ಅಂಗಡಿಯನ್ನು ಎರಡು ಮಾಡುವ ಕೆಲಸ. ಸ್ಟುಡಿಯೋದ ನಡುವೆ ಜಿಪ್ಸಮ್ ಗೋಡೆ ಬಂತು, ಆಚೆ ಬದಿ ಮೊಬೈಲ್ ರಿಪೇರಿ. ದರ್ಜಿಯ ಅಂಗಡಿ ಅರ್ಧವಾಯಿತು, ಆ ಅರ್ಧದಲ್ಲಿ ಬಂದ ಜ್ಯೂಸಿನ ಅಂಗಡಿ ಮೂರೇ ತಿಂಗಳಿಗೆ ಮುಚ್ಚಿತು. ಡಾಕ್ಟರಮ್ಮನ ಕಾಯುವ ಕೋಣೆಯನ್ನು ನಾನೇ ಕೊಯ್ದು ಕನ್ನಡಕದ ಅಂಗಡಿ ಮಾಡಿಕೊಟ್ಟೆ. ಬೀದಿಯಲ್ಲಿ ಬೋರ್ಡುಗಳು ಹೆಚ್ಚಾದವು, ಗಿರಾಕಿಗಳು ಕಡಿಮೆಯಾದರು. ನನ್ನ ನಕ್ಷೆಗಳಲ್ಲಿ ಅಂಗಡಿಗಳು ಕಿರಿದಾಗುತ್ತಾ ಹೋದವು.

ನನಗೆ ಉಸಿರು ಕಟ್ಟಲು ಶುರುವಾದದ್ದೂ ಆಗಲೇ. ಹೆಂಡತಿ ಮಸ್ಕತ್ತಿನಲ್ಲಿ ಗಣಿತದ ಟೀಚರು. ಅವಳೂ ಮಗಳೂ ಅಲ್ ಖುವೈರ್‌ನ ಫ್ಲಾಟಿನಲ್ಲಿದ್ದರು, ನಾನು ಮೂರು ಗಂಟೆ ದಾರಿಯಾಚೆ ಇಬ್ರಿಯಲ್ಲಿ. ಎರಡು ವಾರಕ್ಕೊಮ್ಮೆ ಗುರುವಾರ ಹೊರಟು ಹೋಗುವುದು, ಶುಕ್ರವಾರ ಸಂಜೆ ಹಿಂದೆ ಬರುವುದು. ಮಗಳು ಆಗ ಹತ್ತನೇ ಕ್ಲಾಸು. ಇನ್ನು ಎರಡು ವರ್ಷ ಕಳೆದರೆ ಕಾಲೇಜಿಗೆಂದು ಊರಿಗೆ ಹೋಗುತ್ತಾಳೆ, ಮತ್ತೆ ಅವಳು ನಮ್ಮ ಮನೆಗೆ ನೆಂಟಳೇ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ಎರಡು ವಾರಕ್ಕೊಮ್ಮೆ ಬರುವವನ ಭಾಷೆ ಅವಳೇಕೆ ಆಡಬೇಕು ಎಂದು ನನ್ನ ಮೇಲೇ ಸಿಟ್ಟು ಬರುತ್ತಿತ್ತು. ಆ ಎರಡು ವರ್ಷ ಒಂದೇ ಮನೆಯಲ್ಲಿರಬೇಕು ಎಂದು ನಾನು ಹಠ ಹಿಡಿದು ಕೆಲಸ ಹುಡುಕಿದೆ. ಅಂಥ ಕೆಟ್ಟ ಕಾಲದಲ್ಲೂ ಅದೃಷ್ಟಕ್ಕೆ ಒಂದು ಸಿಕ್ಕಿತು. ರುಸೈಲ್‌ನ ಕಾರ್ಖಾನೆಯೊಂದಕ್ಕೆ ಕಟ್ಟಡಗಳನ್ನು ನೋಡಿಕೊಳ್ಳುವ ಇಂಜಿನಿಯರ್ ಬೇಕಾಗಿದ್ದ. ಫ್ಲಾಟಿನಿಂದ ಅರ್ಧ ಗಂಟೆ ದಾರಿ. ರಂಜಾನ್ ಹಬ್ಬದವರೆಗೆ ಕಾಯುತ್ತೇವೆ, ಈಗಿನ ಮಾಲೀಕರಿಂದ ಬಿಡುಗಡೆ ಪತ್ರ ತನ್ನಿ ಎಂದರು.

ಆ ಒಂದು ಪತ್ರಕ್ಕೆ ಎಲ್ಲವೂ ಸಿಕ್ಕಿಕೊಂಡಿತ್ತು. ವೀಸಾ ಕೊಟ್ಟ ಕಫೀಲ್ ಆಕ್ಷೇಪವಿಲ್ಲ ಎಂದು ಬರೆದುಕೊಡದೆ ಬೇರೆ ಕಡೆ ಸೇರುವ ಹಾಗಿರಲಿಲ್ಲ. ಪಾಸ್‌ಪೋರ್ಟು ನನ್ನ ಪೆಟ್ಟಿಗೆಯಲ್ಲೇ ಇತ್ತು, ಬೇಕೆಂದರೆ ನಾಳೆಯೇ ವಿಮಾನ ಹತ್ತಬಹುದಿತ್ತು. ಪತ್ರವಿಲ್ಲದೆ ಹತ್ತಿದರೆ ಕಾನೂನಿನ ಪ್ರಕಾರ ಎರಡು ವರ್ಷ ವಾಪಸು ಬರುವ ಹಾಗಿಲ್ಲ, ನನಗೆ ಬೇಕಿದ್ದದ್ದು ಅದೇ ಎರಡು ವರ್ಷ. ಬಾಗಿಲು ತೆರೆದೇ ಇರುವ ಪಂಜರದಲ್ಲಿ ಕುಳಿತ ಹಾಗೆ.

ನನ್ನ ಕಫೀಲ್ ದುಷ್ಟರಾಗಿದ್ದರೆ ಈ ಕತೆ ಹೇಳುವುದು ಸುಲಭವಿತ್ತು. ಅವರು ಒಳ್ಳೆಯವರು. ನನಗೆ ಕಿಡ್ನಿ ಕಲ್ಲಿನ ನೋವು ಬಂದಾಗ ತಾವೇ ಕಾರು ಓಡಿಸಿ ಆಸ್ಪತ್ರೆಗೆ ಒಯ್ದವರು. ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. ಮುಹಂದಿಸ್, ಎಂದರೆ ಇಂಜಿನಿಯರೇ, ಎಂದೇ ಕರೆಯುತ್ತಿದ್ದರು. ಆದರೆ ನನ್ನ ಸಹಿ ಹೋದರೆ ಆಫೀಸಿನ ಲೈಸೆನ್ಸು ಹೋಗುತ್ತದೆ, ಆ ದಿನಗಳಲ್ಲಿ ಹೊಸ ಇಂಜಿನಿಯರಿಗೆ ವೀಸಾ ಸಿಗುವ ಭರವಸೆ ಇರಲಿಲ್ಲ. ಅವರ ಆಫೀಸಿನಲ್ಲಿ ಮೂರು ಸಲ ಕೇಳಿದೆ. ಮೂರು ಸಲವೂ ಅವರು ಇಲ್ಲ ಎನ್ನಲಿಲ್ಲ. "ಇನ್‌ಶಾ ಅಲ್ಲಾ, ಮುಹಂದಿಸ್, ನೋಡೋಣ" ಎಂದು ಖರ್ಜೂರದ ತಟ್ಟೆ ನನ್ನ ಕಡೆ ಸರಿಸಿದರು. ಇಲ್ಲ ಎಂದಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ.

ಹಬ್ಬಕ್ಕೆ ಮೂರು ತಿಂಗಳಿರುವಾಗ ಅವರ ತಮ್ಮನ ಮಗನ ಮದುವೆ ಬಂತು. ಆಫೀಸಿನವನಾದ್ದರಿಂದ ನನ್ನನ್ನೂ ಮಜ್ಲಿಸ್‌ಗೆ ಕರೆದರು. ಅಂದು ಏಕಾದಶಿ. ಮಾಧ್ವರ ಮನೆಯಲ್ಲಿ ಹುಟ್ಟಿದವನು ನಾನು, ಏಕಾದಶಿಗೆ ನೀರನ್ನೂ ಮುಟ್ಟುವುದಿಲ್ಲ. ಮರಳುಗಾಡಿನ ಬಿಸಿಲಿಗೂ ಬಿಟ್ಟಿರಲಿಲ್ಲ. ಭಕ್ತಿಯೋ ಅಭ್ಯಾಸವೋ ನನಗೇ ಹೇಳಲಾಗದು. ಗೋಡೆಯುದ್ದಕ್ಕೆ ದಿಂಬಿಗೊರಗಿ ಕುಟುಂಬದ ಹಿರಿಯರೆಲ್ಲ ಕುಳಿತಿದ್ದರು. ಕಫೀಲರ ತಮ್ಮ ಹೂಜಿಯಿಂದ ಪುಟ್ಟ ಬಟ್ಟಲಿಗೆ ಕಾವಾ, ಎಂದರೆ ಅರಬ್ಬಿ ಕಾಫಿ, ಹೊಯ್ದು ನನ್ನ ಕೈಗೆ ಕೊಟ್ಟರು. ಬೇಡವೆಂದರೆ ಮದುವೆ ಮನೆಗೆ ಅವಮಾನ ಎಂದು ತೆಗೆದುಕೊಂಡೆ. ಕುಡಿಯುವ ಹಾಗಿಲ್ಲ. ಎಷ್ಟು ಹೊತ್ತು ಹಿಡಿದು ಕೂರುವುದು? ಮೆಲ್ಲನೆ ಕಂಬಳಿಯ ಮೇಲೆ, ನನ್ನ ಮಂಡಿಯ ಎದುರಿಗೆ ಇಟ್ಟುಬಿಟ್ಟೆ.

ಮಜ್ಲಿಸ್ ಒಮ್ಮೆಗೇ ತಣ್ಣಗಾಯಿತು. ಮಾತಾಡುತ್ತಿದ್ದವರು ನಿಲ್ಲಿಸಿದರು. ಮೂಲೆಯಲ್ಲಿ ಕುಳಿತಿದ್ದ ಅತಿ ಹಿರಿಯರೊಬ್ಬರು, ಕಫೀಲರ ದೊಡ್ಡಪ್ಪ, ನೆಟ್ಟಗೆ ಕುಳಿತು ನನ್ನನ್ನು ನೋಡಿ ಅರಬ್ಬಿಯಲ್ಲಿ ಏನೋ ಕೇಳಿದರು. ನಿನಗೇನು ಬೇಕು ಎಂದು ಕೇಳಿದಂತಿತ್ತು. ಕಫೀಲರ ಮುಖ ಬಿಳಿಚಿಕೊಂಡಿತ್ತು. ಏನೋ ತಪ್ಪಾಯಿತು ಎಂದು ನಾನು ಗಾಬರಿಯಿಂದ ಎದೆಯ ಮೇಲೆ ಕೈಯಿಟ್ಟು, ನನಗೆ ಗೊತ್ತಿದ್ದ ಅರಬ್ಬಿಯನ್ನೆಲ್ಲ ಒಟ್ಟುಗೂಡಿಸಿ, "ಏನೂ ಬೇಡ, ಏನೂ ಬೇಡ, ನನಗಿವತ್ತು ಉಪವಾಸ" ಎಂದೆ. ಎಲ್ಲರೂ ನಕ್ಕರು. ದೊಡ್ಡಪ್ಪ ನನ್ನ ವ್ರತಕ್ಕೆ ಒಳ್ಳೆಯದಾಗಲಿ ಎಂದು ಹರಸಿದರು. ಕಫೀಲರು ಎದ್ದು ಬಂದು ಬಟ್ಟಲನ್ನು ತಾವೇ ತೆಗೆದು ನನ್ನ ಹೆಗಲ ಮೇಲೆ ಕೈ ಇಟ್ಟರು. ಅಷ್ಟು ಪ್ರೀತಿಯಿಂದ ಅವರು ಎಂದೂ ಹೆಗಲು ಮುಟ್ಟಿದ್ದಿಲ್ಲ. ನಾನು ಉಬ್ಬಿಹೋದೆ.

ಮರುದಿನ ಸಂಜೆ ಮೆಟ್ಟಿಲ ಬುಡದಲ್ಲಿ ಕಾಕನಿಗೆ ಇದನ್ನು ಹೇಳಿದಾಗ ಅವರು ಕೀಬೋರ್ಡಿನಿಂದ ಕೈ ತೆಗೆದರು.

"ಎಂಥ ಮಾರಾಯ್ರೇ ನೀವು! ಬಟ್ಟಲು ಕೆಳಗೆ ಇಟ್ಟಿರಾ? ಕುಡಿಯದೆ?"

"ಏಕಾದಶಿ ಅಲ್ವಾ ಕಾಕ."

"ಏಕಾದಶಿ ಅವರಿಗೆ ಗೊತ್ತುಂಟಾ? ಇಲ್ಲಿಯ ಹಳೇ ಪದ್ಧತಿ ಅದು. ದೊಡ್ಡವರ ಎದುರು ಕಾವಾ ಕುಡಿಯದೆ ಬಟ್ಟಲು ಕೆಳಗೆ ಇಟ್ಟರೆ, ನನ್ನದೊಂದು ಬೇಡಿಕೆ ಉಂಟು, ಅದು ಈಡೇರುವವರೆಗೆ ಕುಡಿಯುವುದಿಲ್ಲ ಅಂತ ಅರ್ಥ. ಹೆಣ್ಣು ಕೇಳಲಿಕ್ಕೆ ಹೋದವರು ಮಾಡುವುದು, ರಾಜಿಗೆ ಹೋದವರು ಮಾಡುವುದು. ಹಿರಿಯರೇ ಬಾಯಿಬಿಟ್ಟು ಕೇಳಿದ ಮೇಲೆ ಮನೆಯವನಿಗೆ ಇಲ್ಲ ಅನ್ನಲಿಕ್ಕೆ ಆಗುವುದಿಲ್ಲ. ಅಂದರೆ ಮಾನ ಹೋಗ್ತದೆ."

ನನಗೆ ಕೂತಲ್ಲೇ ಬೆವರು ಬಂತು.

"ನಿಮ್ಮ ಕಾಗದ ನಿಮ್ಮ ಕೈಗೆ ಬಂದಿತ್ತು ಇಂಜಿನಿಯರ್ರೇ," ಎಂದರು ಕಾಕ. "ನೀವು ಏನೂ ಬೇಡ ಅಂದ್ರಿ."

ಆ ವಾರವೆಲ್ಲ ನನಗೆ ಊಟ ರುಚಿಸಲಿಲ್ಲ. ಅದೆಂಥ ಪೆದ್ದುತನ! ಹತ್ತು ವರ್ಷದಿಂದ ಆ ಊರಿನ ಮಜ್ಲಿಸ್‌ಗಳಿಗೆ ನಾನೇ ನಕ್ಷೆ ಬರೆದವನು. ಕಿಟಕಿ ಎಲ್ಲಿ, ಚಪ್ಪಲಿ ಬಿಡುವ ಜಾಗ ಎಲ್ಲಿ, ಎಲ್ಲ ಗೊತ್ತು. ಒಳಗೆ ಕುಳಿತವರು ಏನು ಮಾಡುತ್ತಾರೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಆಮೇಲೆ ಸಿಟ್ಟು ಇಳಿದು ಆಸೆ ಹುಟ್ಟಿತು. ಹಬ್ಬದ ಮರುದಿನ ಅದೇ ಮಜ್ಲಿಸ್‌ನಲ್ಲಿ ಅದೇ ಹಿರಿಯರು ಸೇರುತ್ತಾರೆ, ನಾನು ಶುಭಾಶಯ ಹೇಳಲು ಹೋಗಲೇಬೇಕು. ಈ ಸಲ ಗೊತ್ತಿದ್ದೇ ಇಡುತ್ತೇನೆ. ಕಾಕನಿಂದ ಹೇಳಬೇಕಾದ ಮಾತನ್ನು ಅರಬ್ಬಿಯಲ್ಲಿ ಬಾಯಿಪಾಠ ಮಾಡಿಕೊಂಡೆ. ನನ್ನ ಮಗಳ ಹತ್ತಿರ ಇರಲು ನನಗೆ ಬಿಡುಗಡೆ ಕೊಡಿ, ಇಷ್ಟೇ. ಕಾಕ ಕಫೀಲರ ಹಾಗೆ ಗಂಭೀರ ಮುಖ ಮಾಡಿ ಕುರ್ಚಿಯಲ್ಲಿ ಕೂರುವುದು, ನಾನು ಚಹಾದ ಲೋಟ ನೆಲಕ್ಕಿಟ್ಟು ಒಪ್ಪಿಸುವುದು. ನೋಡಿದವರಿಗೆ ಇಬ್ಬರಿಗೂ ತಲೆ ಕೆಟ್ಟಿದೆ ಅನ್ನಿಸಿರಬೇಕು. ಮನೆಗೂ ಹೇಳಿದೆ, ಹಬ್ಬಕ್ಕೆ ಕಾಗದ ಸಿಗುತ್ತದೆ ಎಂದು. ಹೆಂಡತಿ ಕಪಾಟಿನಲ್ಲಿ ನನಗೆ ಎರಡು ಖಾನೆ ಖಾಲಿ ಮಾಡಿದಳಂತೆ.

ಹಬ್ಬದ ಮರುದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೋದೆ. ದೊಡ್ಡಪ್ಪ ಅದೇ ಮೂಲೆಯಲ್ಲಿದ್ದರು. ನಡುವೆ ದೊಡ್ಡ ತಟ್ಟೆಯಲ್ಲಿ ಹಲ್ವಾ. ಒಂದು ತಿಂಗಳು ಉಪವಾಸ ಮಾಡಿದವರೆಲ್ಲ ಹಗಲಿನಲ್ಲಿ ತಿನ್ನುವ ಸುಖದಲ್ಲಿದ್ದರು. ಕಾವಾ ಬಂತು. ಚೆಲ್ಲದಂತೆ ಬಟ್ಟಲನ್ನು ಮಂಡಿಯ ಎದುರಿಗೆ ಇಟ್ಟೆ. ಮತ್ತೆ ಎಲ್ಲರೂ ಸುಮ್ಮನಾದರು. ದೊಡ್ಡಪ್ಪ ನನ್ನ ಕಡೆ ತಿರುಗಿದರು.

ಅವರು ಬಾಯಿ ತೆರೆಯುವ ಮೊದಲೇ ಕಫೀಲರು ನಕ್ಕು ಹೇಳಿದರು: "ಇವರಿಗೆ ಉಪವಾಸ. ಇವರ ಧರ್ಮದಲ್ಲಿ ಇಂಥ ದಿನ ಬರುತ್ತದೆ, ಮದುವೆಯ ದಿನವೂ ಬಂದಿತ್ತು. ಅಲ್ವಾ ಮುಹಂದಿಸ್?"

ದೊಡ್ಡಪ್ಪನಿಗೆ ನೆನಪಾಯಿತು, ಹೌದು ಹೌದು ಎಂದು ತಲೆಯಾಡಿಸಿದರು. ಇಪ್ಪತ್ತು ಮಂದಿ ನನ್ನನ್ನೇ ನೋಡುತ್ತಿದ್ದರು. ಈದ್ ಬರುವುದೇ ಅಮಾವಾಸ್ಯೆ ಕಳೆದು ಚಂದ್ರ ಕಂಡ ಮೇಲೆ. ಏಕಾದಶಿ ಬರುವುದು ಅದಾಗಿ ಹತ್ತು ದಿನಕ್ಕೆ. ಎರಡೂ ಒಟ್ಟಿಗೆ ಬರುವ ಹಾಗೇ ಇಲ್ಲ. ಇಲ್ಲ, ಇವತ್ತು ಉಪವಾಸವಲ್ಲ ಎಂದು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಅವರ ಮನೆಯಲ್ಲಿ, ಅವರ ಹಿರಿಯರೆದುರು, ಹಬ್ಬದ ದಿನ ಅವರ ಮಾತನ್ನು ಸುಳ್ಳು ಮಾಡಿದ ಹಾಗೆ. ಆಸ್ಪತ್ರೆಗೆ ಒಯ್ದವರು. ಮುಹಂದಿಸ್ ಎನ್ನುವವರು. ಅವರು ನನ್ನ ಕಣ್ಣನ್ನೇ ನೋಡುತ್ತಿದ್ದರು. ಬೇಕೆಂದೇ ಹಾಗೆ ಹೇಳಿದರೋ, ನನ್ನನ್ನು ಮತ್ತೆ ಪೇಚಿನಿಂದ ಪಾರು ಮಾಡುತ್ತಿದ್ದೇನೆ ಎಂದುಕೊಂಡಿದ್ದರೋ, ನನಗೆ ಇವತ್ತಿಗೂ ಗೊತ್ತಿಲ್ಲ.

"ನಅಮ್," ಎಂದೆ. ಹೌದು.

ಬಟ್ಟಲು ತೆಗೆದುಕೊಂಡು ಹೋದರು. ಉಪವಾಸದವನಾದ್ದರಿಂದ ಹಲ್ವಾದ ತಟ್ಟೆಯನ್ನೂ ನನ್ನ ಎದುರಿನಿಂದ ಮರ್ಯಾದೆಯಿಂದ ಸರಿಸಿದರು. ಬೆಳಗ್ಗೆ ಆತಂಕದಲ್ಲಿ ಏನೂ ತಿಂದಿರಲಿಲ್ಲ. ತಿಂಗಳ ಉಪವಾಸ ಮುಗಿಸಿದವರ ನಡುವೆ ನಾನೊಬ್ಬ ಸುಳ್ಳು ಉಪವಾಸಿಗ, ಹೊಟ್ಟೆ ಚುರುಗುಟ್ಟುತ್ತಾ ಒಂದು ಗಂಟೆ ಕೂತಿದ್ದೆ.

ಸಂಜೆ ಹೆಂಡತಿ ಫೋನು ಮಾಡಿದಳು. "ಎಂಥ ಆಯ್ತು?" ಎಂದಳು. "ಕೊಡ್ಲಿಲ್ಲ," ಎಂದೆ. ಅದು ಹೇಗೆ ಅಷ್ಟು ಸಲೀಸಾಗಿ ಬಾಯಿಂದ ಬಂತೋ. ಆಚೆಯಿಂದ ಮಗಳು, "ಹೀ ಸೆಡ್ ನೋ?" ಎಂದು ತಾಯಿಯನ್ನು ಕೇಳುವುದು ಕೇಳಿಸಿತು. ಮುಂದಿನ ವಾರ ರುಸೈಲ್‌ನವರು ಬೇರೊಬ್ಬರನ್ನು ತೆಗೆದುಕೊಂಡರು. ಕಾಕನಿಗೆ ಮಾತ್ರ ನಡೆದದ್ದನ್ನು ಹೇಳಿದೆ. ಅವರು "ಖಲಾಸ್, ಬಿಡಿ," ಎಂದು ಎದ್ದು ಚಹಾ ತರಲು ಹೋದರು. ನಾಲ್ಕನೇ ಸಲ ಕೇಳಲು ನನಗೆ ಬಾಯಿ ಬರಲಿಲ್ಲ. ಕಫೀಲರು ಮುಂಚಿನ ಹಾಗೇ ಇದ್ದರು. ನಾನೂ ಮುಂಚಿನ ಹಾಗೇ ಸಹಿ ಹಾಕುತ್ತಿದ್ದೆ. ಪ್ರತಿ ಸಹಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು.

ಆ ಬಳಿಕದ ಎರಡು ವರ್ಷದಲ್ಲಿ ಬೀದಿ ಖಾಲಿಯಾಯಿತು. ಸ್ಟುಡಿಯೋದವನು ಹೋದ, ಹೋಗುವಾಗ ಆ ಕೋಟನ್ನು ಮೊಬೈಲ್ ರಿಪೇರಿಯವನಿಗೆ ಕೊಟ್ಟನಂತೆ. ಡಾಕ್ಟರಮ್ಮ ಸೊಹಾರ್‌ಗೆ ವರ್ಗ ಮಾಡಿಸಿಕೊಂಡರು, ಅವರ ಕಫೀಲ್ ಕಾಗದ ಕೊಟ್ಟಿದ್ದರು. ದರ್ಜಿ ಅರ್ಧ ಅಂಗಡಿಯಲ್ಲೇ ಉಳಿದುಕೊಂಡ. ಅರ್ಜಿಗಳೆಲ್ಲ ಆನ್‌ಲೈನಿಗೆ ಹೋದ ಮೇಲೆ ಕಾಕನ ಬಳಿ ಬರುವವರು ಇಲ್ಲವಾದರು. ಒಂದು ಬೆಳಗ್ಗೆ ಅವರು ತಮ್ಮದೇ ವೀಸಾ ರದ್ದತಿಯ ಅರ್ಜಿಯನ್ನು ತಾವೇ ಟೈಪು ಮಾಡಿ, ಒಂದು ತಪ್ಪು ಸಿಕ್ಕಿತೆಂದು ಮತ್ತೆ ಮಾಡಿ, ಊರಿಗೆ ಹೋದರು. ಆ ಜಾಗದ ಬಾಗಿಲು ಮುಚ್ಚುವ ನಕ್ಷೆಗೂ ನಾನೇ ಸಹಿ ಹಾಕಿದೆ.

ಕೊನೆಗೆ ನಮ್ಮ ಆಫೀಸೂ ಮುಚ್ಚಿತು. ಕಫೀಲರು ಕರೆದು, ಕಣ್ಣಲ್ಲಿ ನೀರು ತಂದುಕೊಂಡು, ಬಿಡುಗಡೆ ಪತ್ರವನ್ನು ಲಕೋಟೆಯಲ್ಲಿ ಹಾಕಿ ಕೈಗೆ ಕೊಟ್ಟರು. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳೇಕೆ ಹೇಳಲಿ. ಮಗಳು ಮಣಿಪಾಲದಲ್ಲಿ ಕಾಲೇಜಿಗೆ ಸೇರಿ ಆಗ ಎಂಟು ತಿಂಗಳಾಗಿತ್ತು.

ನಾನು ಅಲ್ ಖುವೈರ್‌ನಲ್ಲಿ ಕೆಲಸ ಹಿಡಿದೆ, ಫ್ಲಾಟಿನಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ. ಬಟ್ಟಲಿನ ಕತೆಯನ್ನು ಗೆಳೆಯರ ಮನೆಗಳಲ್ಲಿ ಹೇಳಲು ಶುರುಮಾಡಿದೆ. ಚೆನ್ನಾಗಿ ಹೇಳುತ್ತಿದ್ದೆ, ದೊಡ್ಡಪ್ಪನ ಧ್ವನಿ, ಕಾಕನ ಮುಖ ಎಲ್ಲ ಮಾಡಿ. ಹಲ್ವಾದ ತಟ್ಟೆ ಸರಿಯುವಲ್ಲಿಗೆ ಬಂದಾಗ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಮಗಳು ಮೊದಲ ವರ್ಷ ಮುಗಿಸಿ ರಜೆಗೆ ಬಂದಾಗ ನಮ್ಮ ಮನೆಗೆ ಊಟಕ್ಕೆ ನಾಲ್ಕು ಮಂದಿ ಬಂದಿದ್ದರು. ಒಬ್ಬರು, ಅದನ್ನು ಹೇಳಿ ಸರ್, ಇವರು ಕೇಳಿಲ್ಲ ಎಂದರು. ನನಗೂ ಹುರುಪು, ಹೇಳಿದೆ. ಎಲ್ಲರೂ ನಕ್ಕರು. ಮಗಳು ಊಟದ ತಟ್ಟೆ ನೋಡುತ್ತಾ ಕುಳಿತಿದ್ದಳು. ಹೆಂಡತಿ ಸಾರಿನ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಎದುರಿಗೂ ಆ ಕತೆಯನ್ನು ನಾನು ಎಂದೂ ಹೇಳಿರಲಿಲ್ಲ ಎಂಬುದು ಆಗ ಹೊಳೆಯಿತು.

ನೆಂಟರು ಹೋದ ಮೇಲೆ ಮಗಳು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಳು. ನನ್ನ ತಟ್ಟೆಗೆ ಬಂದಾಗ ಕೈ ನಿಲ್ಲಿಸಿದಳು. ನಾನು ಇಂಗ್ಲಿಷಿಗೆ ಸಿದ್ಧನಾಗಿದ್ದೆ. ಅವಳು ಕನ್ನಡದಲ್ಲಿ ಕೇಳಿದಳು.

"ಅವರು ಕೊಡ್ಲಿಲ್ಲ ಅಂತ ಎರಡು ವರ್ಷ ನಾನು ಅವರನ್ನ ಬೈದುಕೊಂಡೆ. ನೀವು ಅವತ್ತು ಕೇಳಲೇ ಇಲ್ವಾ ಅಪ್ಪ?"